ಅಪ್ಪ ಮೆತ್ತಿದ ಗೋಡೆ

ಘಜ್ನಿ
ಮೀಜಾನ್ ತಿಂಗಳ ೭, ಹಿಜರಿ ಸೌರ ವರ್ಷ ೧೩೭೩

ಶಗೂಫಾಳ ಅಪ್ಪನಿಗೆ ಸಲಾಂ,

ಕ್ಷೇಮವೇ ಎಂದು ಕೇಳುವುದು ವಾಡಿಕೆ. ನಾನು ಕೇಳುವುದಿಲ್ಲ. ಪೇಶಾವರದಿಂದ ನೀವು ಬರೆದ ಕಾಗದ ಬಂತು. ಹಿಮ ಬೀಳುವ ಮೊದಲು ಬರುತ್ತೀರಂತೆ, ಗೋಡೆ ಮೆತ್ತಲು ಮಾವನಿಗೆ ನೆರವಾಗುತ್ತೀರಂತೆ. ಓದಿ ಹೇಸಿಗೆಯಾಯಿತು. ಬರಬೇಡಿ.

ಇಲ್ಲಿ ಹೇಸಿಗೆಗೇನೂ ಕೊರತೆಯಿಲ್ಲ. ನನ್ನ ಅಪ್ಪ ನಲವತ್ತು ವರ್ಷ ಕಾವಲು ಕಾದ ಸುಲ್ತಾನನ ಗೋರಿಯ ತೋಟದ ಚಿನಾರ್ ಮರಗಳನ್ನು ಊರು ಹಿಡಿದ ಕಮಾಂಡರನ ಜನ ಕಡಿದು ಒಲೆಗೆ ಹಾಕಿದರು. ಗೋರಿಯ ಅಮೃತಶಿಲೆಯ ಮೇಲೆ ಕುರಿ ಕೊಯ್ಯುತ್ತಾರೆ. ಆದರೆ ಅವರು ಅಪ್ಪನ ಮನೆಯ ಉಪ್ಪು ತಿಂದವರಲ್ಲ. ನೀವು ತಿಂದವರು.

ಯುದ್ಧ ಶುರುವಾದಾಗ ಅಪ್ಪ ಗುಡ್ಡದ ಸ್ತೂಪದಲ್ಲಿದ್ದ ಬುದ್ಧನ ಬಿಳಿ ಗಾರೆಯ ಮುಖವನ್ನು ಹುಲ್ಲು ಕಲಸಿದ ಮಣ್ಣಿನಿಂದ ಮೆತ್ತಿ ಮುಚ್ಚಿದರು. ಪ್ರತಿ ವರ್ಷ ಹಿಮಕ್ಕೆ ಮುಂಚೆ ನಮ್ಮ ಮಾಳಿಗೆಗೊಂದು ಪದರ, ಆ ಗೋಡೆಗೊಂದು ಪದರ. ಆ ಜಾಗ ಗೊತ್ತಿದ್ದದ್ದು ಅಪ್ಪನಿಗೂ ನನಗೂ ಮಾತ್ರ. ಹೋದ ವರ್ಷ ಮಂಡಿ ಹಿಡಿದುಕೊಂಡಿತೆಂದು ಅಪ್ಪ ನಿಮ್ಮನ್ನು ಕರೆದೊಯ್ದರು. “ಅಳಿಯ ಅಲ್ಲ ಕಣೇ, ಮಗ ಇವನು” ಅಂದಿದ್ದರು.

ಈ ವಸಂತದಲ್ಲಿ ನಿಮ್ಮ ಕೋಟು ಒಗೆಯುವಾಗ ಜೇಬಿನಲ್ಲಿ ಬಿಳಿ ಪುಡಿ. ಹಿಟ್ಟು ಅಂದಿರಿ. ನೀರಿಗೆ ಬಿದ್ದ ಹಿಟ್ಟು ಅಂಟಾಗುತ್ತದೆ, ಇದು ಮರಳಿನ ಹಾಗೆ ತಳಕ್ಕೆ ಕೂತಿತು. ಆದರೂ ನಂಬಿದೆ. ನೀವು ಊರು ಬಿಟ್ಟ ಮೇಲೆ ಗುಡ್ಡ ಹತ್ತಿ ಗೋಡೆ ತಟ್ಟಿದೆ. ಒಳಗೆ ಪೊಳ್ಳು. ಬಿರುಕಿನಲ್ಲಿ ಬೆರಳು ತೂರಿಸಿದರೆ ಮುಖವಿದ್ದ ಕಡೆ ಬರೀ ಗರಗಸದ ಗೀರು. ಮೇಲೆ ಮಾತ್ರ ಅಪ್ಪ ಕಲಿಸಿದಂತೆಯೇ ನೀಟಾಗಿ ಮೆತ್ತಿದ್ದೀರಿ. ಥೂ! ಕದ್ದದ್ದಕ್ಕಿಂತ ಆ ನೀಟುತನವೇ ನನಗೆ ಹೆಚ್ಚು ಅಸಹ್ಯ.

ಅಪ್ಪನಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಕೋಲೂರಿಕೊಂಡು ಹೋಗಿ ಆ ಗೋಡೆ ಸವರಿ ಬರುತ್ತಾರೆ. “ನಮ್ಮ ಅತಿಥಿಗೆ ಒಳ್ಳೇ ನಿದ್ದೆ ಕಣಮ್ಮ” ಅನ್ನುತ್ತಾರೆ. ನಾನು ತಲೆ ತಗ್ಗಿಸಿ ಚಹಾ ಬಗ್ಗಿಸುತ್ತೇನೆ. ಈ ಸಲದ ಪದರ ನಾನೇ ಮೆತ್ತುತ್ತೇನೆ. ಅವರು ಬದುಕಿರುವವರೆಗೆ ಅವರಿಗೆ ಇದು ತಿಳಿಯಬಾರದು. ನೀವು ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಇತಿ,
ಇನ್ನು ಶಗೂಫಾಳ ತಾಯಿ ಮಾತ್ರವಾದ
ಮಾಹ್‌ಜಬೀನ್

ಮತ್ತೊಂದು ಮಾತು: ಕಾಗದ ಮಡಿಸುವಾಗ ಅಪ್ಪ ಒಳಗೆ ಬಂದರು. ಯಾರಿಗೆ ಅಂತ ಕೇಳಲಿಲ್ಲ. “ಹುಲ್ಲು ಇನ್ನೂ ಸಣ್ಣಗೆ ಕೊಚ್ಚಬೇಕಿತ್ತು ಅಂತ ಬರಿ ಅವನಿಗೆ. ಉದ್ದ ಇದ್ರೆ ಬಿರುಕು ಬಿಡುತ್ತೆ. ನಂಗೆ ಮೊದಲನೇ ದಿನಾನೇ ಕಂಡುಬಿಡ್ತು” ಅಂದರು. ಆಮೇಲೆ ನನ್ನ ತಲೆ ಸವರಿ, “ನಿಂಗೆ ಗೊತ್ತಾಗೋದು ಬೇಡ ಅಂತಿದ್ದೆ ಮಗಳೇ” ಅಂದರು.