ರಾಗಿಗುಡ್ಡಕ್ಕೆ ಹೋದ ಭಾನುವಾರಗಳು

ಪದ್ಮನಾಭನಗರ, ಬೆಂಗಳೂರು
೧೭ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಪ್ರಿಯಾಂಕಾ,

ಮೊದಲು ‘ಚಿ. ಸೌ.’ ಎಂದು ಬರೆದೆ. ಆಮೇಲೆ ಹೊಡೆದುಹಾಕಿ ಹೊಸ ಹಾಳೆ ತೆಗೆದುಕೊಂಡೆ. ಕೋರ್ಟಿನಲ್ಲಿ ವಿಚ್ಛೇದನದ ಕೇಸು ನಡೆಯುತ್ತಿರುವಾಗ ಸೊಸೆಗೆ ಕಾಗದವನ್ನು ಹೇಗೆ ಶುರುಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ‘ಪ್ರೀತಿಯ’ ಎನ್ನುವುದರಲ್ಲಿ ಅನುಮಾನವಿಲ್ಲ, ಅದನ್ನೇ ಇಟ್ಟುಕೊಂಡೆ. ಹೇಗಿದ್ದೀಯ? ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಧಾರವಾಡದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೀಯ ಎಂದು ವಿಶ್ರುತ್ ಹೇಳಿದ್ದ, ಈಗ ನನಗೆ ಅದರಲ್ಲೂ ಗೊಂದಲ. ಯಾಕೆಂದು ಮುಂದೆ ಹೇಳುತ್ತೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಹೇಳಿದ ಮಾತು ಕೇಳುತ್ತಿದೆ, ಬಿ.ಪಿ. ಮಾತ್ರ ಕೇಳುವುದಿಲ್ಲ. ಫೋನ್ ಮಾಡದೆ ಕಾಗದ ಯಾಕೆ ಎಂದುಕೊಳ್ಳಬೇಡ. ನಮ್ಮ ವಕೀಲರು ‘ಆ ಕಡೆಯವ್ರಿಗೆ ಒಂದು ಗುಡ್ ಮಾರ್ನಿಂಗೂ ಕಳಿಸ್ಬೇಡಿ ಮೇಡಂ, ಎಲ್ಲಾ ಎವಿಡೆನ್ಸ್ ಆಗುತ್ತೆ’ ಎಂದಿದ್ದಾರೆ. ಕಾಗದದ ವಿಷಯ ಅವರು ಎತ್ತಲಿಲ್ಲ. ಈ ಕಾಲದಲ್ಲಿ ಕಾಗದ ಬರೆಯುವವರು ಇನ್ನೂ ಇದ್ದಾರೆಂದು ಪಾಪ ಅವರಿಗೆ ಹೊಳೆದಿರಲಾರದು.

ವಿಷಯಕ್ಕೆ ಬರುತ್ತೇನೆ. ನಾಳೆ ಮಧ್ಯಾಹ್ನ ಮೂರು ಗಂಟೆಗೆ ನಾನು ಅವರ ಕಚೇರಿಗೆ ಹೋಗಿ ಒಂದು ಅಫಿಡವಿಟ್‌ಗೆ ಸಹಿ ಹಾಕಬೇಕು. ಓದಿಕೊಳ್ಳಲು ಪ್ರತಿ ಕಳಿಸಿದ್ದರು. ವಿಶ್ರುತ್ ಹೇಳಿದ್ದನ್ನು ಕೇಳಿ ನನ್ನ ಹೆಸರಿನಲ್ಲಿ ಅವರೇ ಬರೆದದ್ದು. ‘ಪ್ರತಿ ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ಸೊಸೆಯು ಸೈಕಲ್ ತೆಗೆದುಕೊಂಡು ಊರಾಚೆ ಹೊರಟುಹೋಗುತ್ತಿದ್ದಳು. ವಯಸ್ಸಾದ ನಾನು ಒಬ್ಬಂಟಿಯಾಗಿ ರಾಗಿಗುಡ್ಡದ ದೇವಸ್ಥಾನಕ್ಕೆ ಹೋಗಿ ಬಂದು ತಿಂಡಿಯನ್ನೂ ನಾನೇ ಮಾಡಿಕೊಳ್ಳಬೇಕಾಗಿತ್ತು.’ ನಾಲ್ಕು ಸಲ ಓದಿದೆ. ಮೊದಲು ನಗು ಬಂತು. ಆಮೇಲೆ ಆ ಹಾಳೆಯನ್ನು ಮಗುಚಿಟ್ಟೆ, ಇನ್ನೂ ಹಾಗೇ ಇದೆ. ನೀನು ಹೋಗುತ್ತಿದ್ದದ್ದು ನಿಜ, ಭಾನುವಾರವೂ ನಿಜ, ಐದು ಗಂಟೆಯೂ ನಿಜ. ಆದರೆ ಆ ವಯಸ್ಸಾದ ಅತ್ತೆ ನಿನ್ನಿಂದ ಹತ್ತು ಅಡಿ ಹಿಂದೆ ಇನ್ನೊಂದು ಸೈಕಲ್ ತುಳಿಯುತ್ತಿದ್ದಳಲ್ಲ!

ವಿಶ್ರುತ್ ಸುಳ್ಳು ಹೇಳಿಲ್ಲ ಪ್ರಿಯಾ. ಸುಳ್ಳು ಹೇಳಿದವಳು ನಾನು. ‘ಈ ವಯಸ್ಸಲ್ಲಿ ಸೈಕಲ್ಲಾ? ಬಿದ್ರೆ ಯಾರಮ್ಮ ನೋಡ್ಕೊಳ್ಳೋದು?’ ಎಂದು ಅವನು ಒಂದೇ ಮಾತಿಗೆ ಬೇಡ ಎಂದಾಗ, ಭಾನುವಾರ ರಾಗಿಗುಡ್ಡದಲ್ಲಿ ಭಜನೆ ಎಂದು ಕಥೆ ಕಟ್ಟಿದ್ದು ನಾನೇ. ನೀನು ಐದಕ್ಕೆ ಹೊರಟರೆ ನಾನು ಐದೂ ಕಾಲಿಗೆ ಸೀರೆಯುಟ್ಟು ಆಟೋ ಹತ್ತುತ್ತಿದ್ದೆ. ಸಾರಕ್ಕಿಯಲ್ಲಿ ನಿನ್ನ ಸ್ನೇಹಿತೆ ಭಾಗ್ಯಜ್ಯೋತಿಯ ಕಾರ್ ಶೆಡ್ಡಿನಲ್ಲಿ ಸೀರೆ ಬಿಚ್ಚಿಟ್ಟು ನಿನ್ನ ಹಳೆಯ ಪ್ಯಾಂಟು ಹಾಕಿಕೊಂಡು, ಅಲ್ಲೇ ಇಟ್ಟಿದ್ದ ಸೈಕಲ್ ಹತ್ತುತ್ತಿದ್ದೆ. ವಾಪಸು ಬರುವಾಗ, ಸುಳ್ಳಿನಲ್ಲಿ ಸ್ವಲ್ಪವಾದರೂ ನಿಜ ಇರಲಿ ಎಂದು ದೇವಸ್ಥಾನದ ಹತ್ತಿರ ಇಳಿದು ಐದು ನಿಮಿಷ ಕೈಮುಗಿದು ಪೊಂಗಲ್ ತರುತ್ತಿದ್ದೆ. ಹತ್ತು ಗಂಟೆಗೆ ಎದ್ದು ಬಂದ ಅವನು ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದ. ನೀನು ಸಿಂಕಿನ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಆ ಪೊಂಗಲ್ ಈಗ ಕೋರ್ಟಿನ ಫೈಲಿಗೆ ಹೋಗಿ ಕೂತಿದೆ.

ನಿನ್ನ ಕಡೆಯ ಉತ್ತರವನ್ನೂ ವಕೀಲರು ತೋರಿಸಿದರು. ಭಾನುವಾರಗಳ ವಿಷಯಕ್ಕೆ ನೀನು ‘ಹೌದು, ಹೋಗುತ್ತಿದ್ದೆ’ ಎಂದಷ್ಟೇ ಬರೆದಿದ್ದೀಯ. ನನ್ನ ಹೆಸರೇ ಇಲ್ಲ. ಒಂದೇ ಒಂದು ಸಾಲು ಬರೆದಿದ್ದರೆ ಅವರ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು. ಯಾಕೆ ಬರೆಯಲಿಲ್ಲ? ನನ್ನನ್ನು ಮಗನ ಮುಂದೆ ಸಿಕ್ಕಿಸಬಾರದು ಎಂದೇ, ಅಥವಾ ಈ ಮನೆಯವರ ಸಹವಾಸವೇ ಬೇಡ ಎಂದೇ? ನೀವಿಬ್ಬರೂ ಯಾಕೆ ಬೇರೆಯಾಗುತ್ತಿದ್ದೀರಿ ಎನ್ನುವುದೂ ನನಗೆ ಇವತ್ತಿಗೂ ತಿಳಿದಿಲ್ಲ. ನಿನ್ನನ್ನು ಕೇಳಿದಾಗ ‘ಏನಿಲ್ಲ ಅತ್ತೆ’ ಎಂದೆ. ಅವನನ್ನು ಕೇಳಿದರೆ ‘ಏನಿಲ್ಲಮ್ಮ’ ಎನ್ನುತ್ತಾನೆ. ಏನೂ ಇಲ್ಲದೆ ಯಾರಾದರೂ ವಕೀಲರನ್ನು ಇಡುತ್ತಾರೆಯೇ? ಅವನು ಕೆಟ್ಟವನಲ್ಲ ಎಂದು ನನಗೆ ಗೊತ್ತು, ನೀನೂ ಅಲ್ಲ ಎಂದು ಗೊತ್ತು. ಇವೆರಡು ಗೊತ್ತಿದ್ದೂ ಏನೂ ಅರ್ಥವಾಗದೆ ಕೂತಿದ್ದೇನೆ. ಸಹಿ ಹಾಕಿದರೆ ನಿನಗೆ ಮೋಸ. ಹಾಕದಿದ್ದರೆ ತಾಯಿ ಎರಡು ವರ್ಷ ತನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದಳೆಂದು ಮಗನಿಗೆ ಗೊತ್ತಾಗುತ್ತದೆ. ಅದೂ ವಕೀಲರ ಎದುರಿಗೆ.

ಇಷ್ಟರ ಮಧ್ಯೆ ನಾನು ಸೈಕಲ್ ಬಿಟ್ಟಿಲ್ಲ ಎಂದರೆ ನೀನು ನಂಬುತ್ತೀಯೋ ಇಲ್ಲವೋ. ಡಿಸೆಂಬರಿನಿಂದ ಮತ್ತೆ ರಾಗಿಗುಡ್ಡದ ಭಜನೆ ಶುರುವಾಗಿದೆ! ತೊಂದರೆ ಏನೆಂದರೆ ನನಗೆ ದಾರಿಯೇ ಗೊತ್ತಿಲ್ಲ. ಅಷ್ಟು ಭಾನುವಾರ ಅದೇ ದಾರಿಯಲ್ಲಿ ಹೋಗಿ ಬಂದೆ, ನೋಡಿದ್ದು ಮಾತ್ರ ನಿನ್ನ ಹಿಂದಿನ ಚಕ್ರ ಮತ್ತು ಅದರ ಮೇಲಿನ ಕೆಂಪು ದೀಪ. ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದವರೆಗೆ ಹೋಗಿಬಿಡುತ್ತೇನೆ. ಅಲ್ಲಿಂದ ಎಡಕ್ಕೆ ಎಲ್ಲೋ ತಿರುಗಿಸಿ, ಲಾರಿ ಬಸ್ಸು ಯಾವುದರ ಸದ್ದೂ ಇಲ್ಲದ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದೆಯಲ್ಲ, ಅದು ಸಿಗಲೇ ಇಲ್ಲ. ಬೇಕರಿಯವನನ್ನು ಕೇಳಿದರೆ ‘ಆ ಕಡೆ ಯಾಕ್ ಮೇಡಂ, ಅಲ್ಲೇನೂ ಇಲ್ಲ. ವಾಪಸ್ ಹೋಗಿ ಮೈನ್ ರೋಡ್ ಹಿಡೀರಿ’ ಎಂದ. ಏನೂ ಇಲ್ಲದ ರಸ್ತೆಯೇ ನನಗೆ ಬೇಕಪ್ಪ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕುಡಿಯಲು ನೀರು ಕೊಟ್ಟ. ಫೋನಿನ ಮ್ಯಾಪೂ ಅವನ ಕಡೆಯದೇ, ಎತ್ತ ತಿರುಗಿಸಿದರೂ ಮೈನ್ ರೋಡಿಗೇ ಎಳೆಯುತ್ತದೆ. ಇನ್ನೊಂದು ಭಾನುವಾರ ಯಾವುದೋ ಹೊಸ ಲೇಔಟಿನೊಳಗೆ ನುಗ್ಗಿದೆ. ಗೇಟಿನವನು ‘ಸೈಟ್ ನೋಡಕ್ ಬಂದ್ರಾ ಆಂಟಿ?’ ಎಂದು ಕೈಗೆ ಬ್ರೋಷರ್ ಕೊಟ್ಟ. ಅದು ಇನ್ನೂ ನನ್ನ ಬ್ಯಾಗಿನಲ್ಲಿದೆ.

ಕಳೆದ ಭಾನುವಾರ ಯಾರನ್ನೂ ಕೇಳಲಿಲ್ಲ. ಕವಲು ಬಂದಲ್ಲೆಲ್ಲ ಯಾವುದು ಕೆಟ್ಟದಾಗಿ ಕಾಣುತ್ತದೋ ಅದನ್ನೇ ಹಿಡಿದೆ. ಅರ್ಧ ಗಂಟೆಯಾದ ಮೇಲೆ ರಸ್ತೆ ತುಂಬ ಹುರುಳಿ ಗಿಡ ಹಾಸಿತ್ತು. ವಾಹನ ಹತ್ತಿ ಕಾಳು ಉದುರಲಿ ಎಂದು ಹಾಸಿರುತ್ತಾರಲ್ಲ, ಅದು. ಸೈಕಲ್ಲಿನಿಂದ ಇಳಿದು ನೋಡಿದರೆ ಸೊಣ್ಣಮ್ಮ! ನಮಗೆ ಯಾವಾಗಲೂ ಮಜ್ಜಿಗೆ ಕೊಡುತ್ತಿದ್ದ ಅದೇ ಸೊಣ್ಣಮ್ಮ. ‘ಈ ರೋಡಲ್ಲಿ ಗಾಡೀನೇ ಬರಾಕಿಲ್ಲ ಕಣಕ್ಕ, ಹಿಂಗಾದ್ರೆ ನನ್ ಹುಳ್ಳಿ ಉದುರೋದ್ ಯಾವಾಗ?’ ಎಂದು ಅವಳ ದೂರು. ನಾವು ಗಾಡಿ ಇಲ್ಲದ ರಸ್ತೆ ಹುಡುಕಿಕೊಂಡು ಇಪ್ಪತ್ತು ಕಿಲೋಮೀಟರ್ ತುಳಿಯುತ್ತೇವೆ, ಅವಳು ಒಂದು ಗಾಡಿ ಬರಲಿ ಎಂದು ಬೆಳಗಿನಿಂದ ಕಾಯುತ್ತಾಳೆ. ನಾಲ್ಕು ಸುತ್ತು ತುಳಿದುಕೊಟ್ಟೆ. ಮಜ್ಜಿಗೆ ಕೊಡುತ್ತಾ ಅವಳು ಹೇಳಿದಳು: ‘ಮುಂದ್ಗಡೆ ಹೋಯ್ತಿತ್ತಲ್ಲ ನಿಮ್ ಮಗಳು, ನೆನ್ನೆ ಬಂದಿತ್ತು. ಒಂದೇ. ಅಮ್ಮ ಬಂದಿದ್ರಾ ಅಂತ ಕೇಳ್ತು.’

ಮಗಳಲ್ಲ, ಸೊಸೆ ಎಂದು ತಿದ್ದಲು ಹೋಗಲಿಲ್ಲ. ಲೋಟ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಹಾಗಾದರೆ ನೀನು ಧಾರವಾಡದಲ್ಲಿಲ್ಲ, ಇಲ್ಲೇ ಇದ್ದೀಯ. ನನ್ನನ್ನು ನೋಡಬೇಕೆಂದಿದ್ದರೆ ಭಾನುವಾರ ಬಿಟ್ಟು ಶನಿವಾರ ಯಾಕೆ ಬಂದೆ? ನೋಡಬಾರದೆಂದಿದ್ದರೆ ಯಾಕೆ ಕೇಳಿದೆ? ಐದು ದಿನದಿಂದ ಒಲೆ ಮೇಲೆ ಹಾಲಿಟ್ಟು ಇದನ್ನೇ ಯೋಚಿಸುತ್ತಾ ಎರಡು ಸಲ ಉಕ್ಕಿಸಿದ್ದೇನೆ. ಉತ್ತರ ಗೊತ್ತಾಗಲಿಲ್ಲ, ಕಾಗದ ತಲುಪಿಸುವ ದಾರಿ ಮಾತ್ರ ಗೊತ್ತಾಯಿತು. ನಾಡಿದ್ದು ಇದನ್ನು ಸೊಣ್ಣಮ್ಮನ ಕೈಗೆ ಕೊಟ್ಟು ಬರುತ್ತೇನೆ. ಜೊತೆಗೆ ಒಂದು ಡಬ್ಬಿ ಎಳ್ಳುಬೆಲ್ಲ ಇದೆ. ಈ ಸಂಕ್ರಾಂತಿಗೂ ನಿನ್ನ ಪಾಲಿನ ಕೊಬ್ಬರಿ ಸಣ್ಣಗೇ ಹೆಚ್ಚಿದ್ದೇನೆ. ನಾಳೆಯ ಸಹಿಯ ವಿಷಯ ಏನು ಮಾಡುತ್ತೇನೋ ದೇವರಾಣೆ ಗೊತ್ತಿಲ್ಲ.

ಬೆಳಗಿನ ಚಳಿಗೆ ಕಿವಿ ಮುಚ್ಚಿಕೊಂಡು ಹೋಗು. ನಿಮ್ಮ ತಂದೆತಾಯಿಗೆ ನನ್ನ ನಮಸ್ಕಾರ, ಅವರು ತೆಗೆದುಕೊಳ್ಳುವುದಾದರೆ. ನಿನಗೆ ಒಳ್ಳೆಯದಾಗಲಿ, ಯಾವ ಮನೆಯಲ್ಲಿದ್ದರೂ.

ಇಂತಿ ನಿನ್ನ ಅತ್ತೆ,
ಕೋರ್ಟು ಏನೇ ಹೇಳಲಿ,
ಸರ್ವಮಂಗಳಾ

ಮ. ವಿ.: ಭಾನುವಾರ, ಬೆಳಿಗ್ಗೆ ಐದು ಹತ್ತು. ಆಟೋ ಕೆಳಗೆ ನಿಂತು ಹಾರ್ನ್ ಹೊಡೆಯುತ್ತಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ನಿನ್ನೆ ಸಹಿ ಹಾಕಲಿಲ್ಲ. ಪೆನ್ನು ಕೈಗೆ ಕೊಟ್ಟರು, ಕೆಳಗಿಟ್ಟು ವಿಶ್ರುತನ ಮುಖ ನೋಡಿಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ವಾಪಸು ಬರುವಾಗ ಅವನು ಬನಶಂಕರಿ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದ. ಆಮೇಲೆ ‘ನಂಗ್ಯಾಕಮ್ಮ ಹೇಳ್ಲಿಲ್ಲ?’ ಎಂದ. ನೀನು ಬೇಡ ಅಂತಿದ್ದೆ ಎಂದೆ. ‘ಹೌದು, ಅಂತಿದ್ದೆ’ ಎಂದು ಕಾರು ಮುಂದೆ ಬಿಟ್ಟ. ರಾತ್ರಿ ಊಟಕ್ಕೂ ಬರಲಿಲ್ಲ. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಫೆಬ್ರವರಿ ನಾಲ್ಕರ ವಿಚಾರಣೆಗೆ ನಿನ್ನ ವಕೀಲರು ಕರೆದರೆ ನಿನ್ನ ಕಡೆಯ ಸಾಕ್ಷಿಯಾಗಿ ಬರುತ್ತೇನೆ. ಹೆತ್ತ ಮಗನ ಎದುರು ನಿಂತು ಹೇಳುವುದು ಸರಿಯೋ ತಪ್ಪೋ ಗೊತ್ತಿಲ್ಲ ಪ್ರಿಯಾ. ಆ ಭಾನುವಾರಗಳಲ್ಲಿ ನಾನು ಒಬ್ಬಂಟಿಯಾಗಿರಲಿಲ್ಲ, ಅದೊಂದು ಗೊತ್ತು.