ಕಂಪನಿಗೊಂದು ಅಭಯಪತ್ರ

ಮನೆ, ಹಿಂದಿನ ಕೋಣೆ
ಮಾರ್ಚ್ ೯, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ನಿಜವಾಗಿ ಕಡಿಮೆಯಾಯಿತೋ, ಇಲ್ಲ ನನ್ನ ಬಾಯಿ ಮುಚ್ಚಿಸಲು ಹಾಗೆ ಬರೆದೆಯೋ? ಇಲ್ಲಿ ನನ್ನ ಜೊತೆ ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ನನ್ನ ಮಂಡಿಯ ಸುದ್ದಿ ಬಿಡು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಾನು ದುಡಿದ ಆ ಮುಚ್ಚಿದ ಕಾರ್ಖಾನೆಯ ಹಿತ್ತಲಿಂದ ವಿಷದ ಡ್ರಮ್ಮುಗಳನ್ನು ತೆಗೆಯಲು ಬಂದಿರುವ ನಿಮ್ಮ ಗುತ್ತಿಗೆ ಕಂಪನಿಗೆ ಸರ್ಕಾರ ಅಭಯಪತ್ರ ಕೊಟ್ಟಿದೆ, ಏನಾದರೂ ಸೋರಿ ಜನ ಕೋರ್ಟಿಗೆ ಹೋದರೆ ಪರಿಹಾರವನ್ನು ಸರ್ಕಾರವೇ ಹೊರುತ್ತದೆ ಎಂದು ದೊಡ್ಡ ಸಂಗತಿಯಂತೆ ಬರೆದಿದ್ದೀಯ. ನನಗೆ ಅಲ್ಲೇ ಅನುಮಾನ. ಕೆಲಸ ಬಲ್ಲವನು ಕೈ ಹಾಕುವ ಮೊದಲೇ ತಪ್ಪಿಗೆ ಮಾಫಿ ಬರೆಸಿಕೊಳ್ಳುತ್ತಾನೆಯೇ? “ಇಂಥ ಭರವಸೆ ಇಲ್ದಿದ್ರೆ ಇನ್ನೊಬ್ರ ಗಲೀಜನ್ನ ಯಾರು ಮುಟ್ತಾರಯ್ಯ, ವಿಮೆಯವರೇ ಓಡಿಹೋಗ್ತಾರೆ” ಎಂದನಂತೆ ನಿಮ್ಮ ಸೂಪರ್‌ವೈಸರ್. ಇರಬಹುದು. ಆದರೆ ಡ್ರಮ್ಮಿನ ಮುಚ್ಚಳಕ್ಕೆ ಸ್ಪ್ಯಾನರ್ ಹಾಕುವವನು ನೀನು. ನಿನ್ನ ಎದೆಗೂಡಿಗೆ ಯಾರು ಏನು ಬರೆದುಕೊಟ್ಟಿದ್ದಾರೆ, ಕೇಳಿದೆಯಾ? ನೀನೆಲ್ಲಿ ಕೇಳುತ್ತೀಯ! ಚಿಕ್ಕಂದಿನಲ್ಲೂ ಬಡಿಸಿದ್ದಷ್ಟನ್ನೇ ತಿಂದು ಏಳುತ್ತಿದ್ದವನು.

ಗುರುವಾರ ನಾನೇ ಆ ಪತ್ರ ಕೊಟ್ಟ ಕಚೇರಿಗೆ ಹೋದೆ. ಗುಮಾಸ್ತ ಮೊದಲು ನನ್ನ ಚಪ್ಪಲಿ ನೋಡಿದ, ಆಮೇಲೆ ಮುಖ. ಈ ರಕ್ಷಣೆ ಯಾರಿಗೆಲ್ಲ ಎಂದು ಕೇಳಿದೆ. ಗುತ್ತಿಗೆದಾರರಿಗೆ ಮಾತ್ರ, ಅದೂ ಬೇಕೆಂದೇ ಅಜಾಗರೂಕತೆ ಮಾಡಿರಬಾರದು ಎಂದ. ಹಳೇ ಕಾರ್ಖಾನೆಯ ಕೆಲಸದವರಿಗೆ ಇಲ್ಲವೇ ಎಂದೆ. ಪೆನ್ನು ಕೆಳಗಿಟ್ಟು, “ಯಾಕಜ್ಜಿ, ನೀವೇನು ಮಾಡಿದ್ರಿ?” ಎಂದ. ಸುಮ್ಮನೆ ಕೇಳಿದೆ ಎಂದು ಎದ್ದು ಬಂದೆ. ಅಜ್ಜಿಯಂತೆ! ಅವನ ತಲೆಯಲ್ಲೂ ಅರ್ಧ ಕೂದಲಿಲ್ಲ.

ಸೆಕೆ ಎಂದು ಮಾಸ್ಕನ್ನು ಕುತ್ತಿಗೆಗೆ ಇಳಿಸಬೇಡ. ಶೆಡ್ಡಿಗೆ ಬಂದವನೇ ಕೈ ತೊಳೆಯದೆ ಊಟಕ್ಕೆ ಕೂರಬೇಡ. ಇಲ್ಲಿ ಬೈದದ್ದನ್ನೆಲ್ಲ ಆಶೀರ್ವಾದವೆಂದೇ ಲೆಕ್ಕಕ್ಕೆ ಹಿಡಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಇಷ್ಟು ದಿನ ಧೈರ್ಯ ಸಾಲಲಿಲ್ಲ. ಆ ಕಾರ್ಖಾನೆಯಲ್ಲಿ ಡ್ರಮ್ಮಿಗೆ ಚೀಟಿ ಅಂಟಿಸುವುದು ನನ್ನ ಕೆಲಸವಾಗಿತ್ತು. ಅದರ ಮೇಲಿನ ಪರಭಾಷೆಯ ಅಕ್ಷರ ನನಗೆ ಬಾರದು, ಬಣ್ಣ ನೋಡಿ ಅಂಟಿಸುತ್ತಿದ್ದೆ. ಹಳದಿ ಎಂದರೆ ಬಳಸಿದ ಎಣ್ಣೆ, ಕೆಂಪು ಎಂದರೆ ಗಾಳಿ ಸೋಕಿದರೆ ಹೊತ್ತಿಕೊಳ್ಳುವಂಥದ್ದು. ಕಾರ್ಖಾನೆ ಮುಚ್ಚುವ ವಾರ ಕೆಂಪು ಚೀಟಿ ಮುಗಿದುಹೋದವು. ಕೇಳಿದರೆ ಬೈಯುತ್ತಾರೆಂದು ಕೆಂಪಿನ ಡ್ರಮ್ಮುಗಳಿಗೂ ಹಳದಿಯನ್ನೇ ಅಂಟಿಸಿಬಿಟ್ಟೆ. ಪಂಪಿನ ಮನೆಯ ಹಿಂದಿನ ಸಾಲು ಪೂರ್ತಿ. ನೀವು ಈ ವಾರ ಆ ಸಾಲಿಗೆ ಬರುತ್ತೀರಿ ಎಂದು ಬರೆದಿದ್ದೀಯ. ಮುಟ್ಟಬೇಡ, ಯಾರಿಗೂ ಮುಟ್ಟಲು ಬಿಡಬೇಡ. ನಿಮ್ಮ ಲಾರಿ ಡ್ರೈವರ್ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ಓದಿದ ತಕ್ಷಣ ಸೂಪರ್‌ವೈಸರಿಗೆ ತೋರಿಸು. ಯಾರು ಬರೆದದ್ದು ಎಂದರೆ, ನನ್ನ ಸ್ವಂತ ಅಕ್ಕ ಎನ್ನು.