ಒಂದು ಎಳೆ ನೂಲು

ದೊಡ್ಡಬಳ್ಳಾಪುರ,
ಮಾರ್ಚ್ ೧೯೪೮

ಗಂಗಣ್ಣ,

ನೀನು ಊರು ಬಿಟ್ಟು ಎಲ್ಲಿದ್ದೀಯೋ, ನಿಮ್ಮಮ್ಮನಿಗೆ ಮಾತ್ರ ಗೊತ್ತು. ಅವರ ಬಾಗಿಲಿಗೆ ಹೋಗಿ ವಿಳಾಸ ಕೇಳುವ ಮುಖ ನನಗಿಲ್ಲ. ಈ ಕಾಗದ ನನ್ನ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ನಮ್ಮ ಹಳೆಯ ಮೋಟಾರ್ ಸೈಕಲ್ಲಿನ ಮುಂದಿನ ಚಕ್ರಕ್ಕೆ, ಮಿಲಿಟರಿ ಹರಾಜಿನಲ್ಲಿ ಸಿಕ್ಕ ಎಣ್ಣೆ ತುಂಬುವ, ಕುಲುಕಾಟ ತಡೆಯುವ ಫೋರ್ಕ್ ಹಾಕಿಸಿದೆ. ರಿಪೇರಿ ಪಿಳ್ಳಪ್ಪ, "ಇನ್ಮೇಲೆ ಹೂ ಎತ್ತಿದಂಗೆ ಹೋಯ್ತದೆ ಬಿಡಿ ಸಾಮಿ" ಅಂದ. ಇವತ್ತು ಬೆಳಿಗ್ಗೆ ಓಡಿಸಿದೆ. ಹಳ್ಳ ದಿಣ್ಣೆ ಗೊತ್ತಾಗಲಿಲ್ಲ, ನಿಜ. ಆದರೆ ಕೆರೆ ಏರಿಯ ತಿರುವಿನಲ್ಲಿ ಆ ದರಿದ್ರ ಗಾಡಿ, ಕೊಂಡ ದಿನದಿಂದ ಎಳೆಯುವಂತೆಯೇ ಎಡಕ್ಕೆ ಎಳೆದು, ನನ್ನನ್ನು ಕತ್ತಾಳೆ ಪೊದೆಗೆ ಒಗೆಯಿತು. ನಮ್ಮಪ್ಪನನ್ನು ಹಿಂದೆ ಕೂರಿಸಿಕೊಂಡು ನೀನು ಬಿದ್ದದ್ದೂ ಅಲ್ಲೇ.

ಗಾಡಿ ತಳ್ಳಿಕೊಂಡು ಮನೆಗೆ ಬಂದು, ನೀನು ಅಂದು ಹೇಳಿದ್ದನ್ನು ಮಾಡಿ ನೋಡಿದೆ. ಹಿಂದಿನ ಚಕ್ರಕ್ಕೆ ನೂಲು ತಾಗಿಸಿ ಮುಂದಿನವರೆಗೆ ಬಿಗಿಯಾಗಿ ಎಳೆದೆ. ಮುಂದಿನ ಚಕ್ರ ನೂಲಿನಿಂದ ಎರಡು ಬೆರಳು ಆಚೆ ನಿಂತಿತ್ತು. ಗಾಡಿಯ ಚೌಕಟ್ಟು, ಚಾಸಿಯೇ ಸೊಟ್ಟ. ಸೊಟ್ಟ ಚಾಸಿಗೆ ಹೊಸ ಫೋರ್ಕ್ ಹಾಕಿಸಿ ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ಥೂ, ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಂದು ಅಪ್ಪನ ಹೆಣ ಅಂಗಳದಲ್ಲಿತ್ತು. ಕುಡಿದು ಓಡಿಸಿದ್ದೀಯ ಎಂದು ಜನರ ಮುಂದೆ ನಿನ್ನ ಕುತ್ತಿಗೆಪಟ್ಟಿ ಹಿಡಿದಿದ್ದೆ.

"ಕುಡಿದಿಲ್ಲ ಕಣೋ. ಒಂದು ಎಳೆ ನೂಲು ಕೊಡು, ತೋರಿಸ್ತೀನಿ" ಅಂದಿದ್ದೆ ನೀನು.

ನಮ್ಮದು ನೇಕಾರರ ಮನೆ, ಗಂಗಣ್ಣ. ಮೂರು ಮಗ್ಗದ ತುಂಬ ನೂಲಿತ್ತು.